ವೈದ್ಯಕೀಯ ಕಾಲೇಜು ಆರಿಸುವ ಮುನ್ನ: ಆಡಳಿತ ಯಾರ ಕೈಯಲ್ಲಿದೆ, ವಿದ್ಯಾರ್ಥಿಗೆ ಆಸರೆ ಯಾರು?

ವೈದ್ಯಕೀಯ ಸೀಟಿನ ಮಾತು ಬಂದಾಗ ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ, ಕಡೂರಿನ ಮನೆಗಳಲ್ಲಿ ಮೊದಲು ಲೆಕ್ಕಕ್ಕೆ ಬರುವುದು ಶುಲ್ಕ, ದೂರ ಮತ್ತು ಕಳೆದ ವರ್ಷದ ಕಟ್‌ಆಫ್ ರ್‍ಯಾಂಕ್. ಇವು ಮುಖ್ಯವಲ್ಲವೆಂದು ಯಾರೂ ಹೇಳಲಾರರು. ಆದರೆ ಹದಿನೆಂಟರ ಆಸುಪಾಸಿನ ಹುಡುಗ ಅಥವಾ ಹುಡುಗಿ ನಾಲ್ಕೂವರೆ ವರ್ಷದ ಓದನ್ನೂ ಒಂದು ವರ್ಷದ ಇಂಟರ್ನ್‌ಶಿಪ್ಪನ್ನೂ ಒಂದೇ ಆವರಣದಲ್ಲಿ ಮುಗಿಸಬೇಕಾಗಿರುವಾಗ, ಆ ಆವರಣವನ್ನು ಯಾರು ನಡೆಸುತ್ತಾರೆ, ತೊಂದರೆಯಾದಾಗ ತೀರ್ಮಾನ ಯಾರ ಮೇಜಿನ ಮೇಲೆ ಆಗುತ್ತದೆ, ಆ ತೀರ್ಮಾನ ಸರಿಯಲ್ಲವೆನಿಸಿದರೆ ಕಾಲೇಜಿನ ಹೊರಗೆ ಕೇಳುವವರು ಯಾರಿದ್ದಾರೆ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ವಿಚಾರಿಸಬೇಕು. ಒಮ್ಮೆ ಸೇರಿದ ಮೇಲೆ ಕಾಲೇಜು ಬದಲಿಸಿಕೊಳ್ಳಬಹುದೆಂಬ ಭರವಸೆಯನ್ನು ಇಟ್ಟುಕೊಳ್ಳಬಾರದು; ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪದವಿ ಶಿಕ್ಷಣ ನಿಯಮಾವಳಿ ಅಂಥ ವರ್ಗಾವಣೆಗೆ ಅವಕಾಶವನ್ನೇ ಇಟ್ಟಿಲ್ಲ. ಆದ್ದರಿಂದ ಆಡಳಿತದ ಸ್ವರೂಪವನ್ನು ಸೇರುವ ಮುನ್ನವೇ ತಿಳಿದುಕೊಳ್ಳಬೇಕು.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ವಿದ್ಯಾರ್ಥಿಗಳು ಸಾಮಾನ್ಯವಾಗಿ ತೂಗಿ ನೋಡುವ ಕಾಲೇಜುಗಳನ್ನು ಎದುರಿಗಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ. ಶುಲ್ಕದ ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಮೂರು ಬಗೆಯ ಆಡಳಿತ

ಮೊದಲನೆಯದು ಸರ್ಕಾರಿ ಸ್ವಾಯತ್ತ ಸಂಸ್ಥೆ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ನಾವೆಲ್ಲ ಹಿಮ್ಸ್ ಎನ್ನುವ ಕಾಲೇಜು, ಈ ಬಗೆಯದು. ಈಚಿನ ವರ್ಷಗಳಲ್ಲಿ ಶುರುವಾದ ಚಿಕ್ಕಮಗಳೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ, ನೆರೆಯ ಶಿವಮೊಗ್ಗದ ಸಿಮ್ಸ್ ಕೂಡ, 1924ರಷ್ಟು ಹಿಂದೆಯೇ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜು ಕೂಡ ಇದೇ ಚೌಕಟ್ಟಿನಲ್ಲಿವೆ. ಸ್ವಾಯತ್ತ ಎಂದರೆ ಸರ್ಕಾರದಿಂದ ಬಿಡುಗಡೆ ಪಡೆದದ್ದು ಎಂದು ತಿಳಿಯಬಾರದು. ಆಡಳಿತ ಮಂಡಳಿಗೆ ವೈದ್ಯಕೀಯ ಶಿಕ್ಷಣ ಸಚಿವರೇ ಅಧ್ಯಕ್ಷರು. ಸಂಸ್ಥೆಯ ದಿನದ ಕಾರ್ಯಭಾರ ನಿರ್ದೇಶಕರದು. ಅವರ ಕೆಳಗೆ ಓದಿನ ವಿಷಯಕ್ಕೆ ಪ್ರಾಂಶುಪಾಲರು, ಆಸ್ಪತ್ರೆಗೆ ವೈದ್ಯಕೀಯ ಅಧೀಕ್ಷಕರು, ಕಚೇರಿಗೆ ಮುಖ್ಯ ಆಡಳಿತಾಧಿಕಾರಿ, ಹಣಕಾಸಿಗೆ ಆರ್ಥಿಕ ಸಲಹೆಗಾರರು. ಆಡಳಿತಾಧಿಕಾರಿಗಳು ಆಡಳಿತ ಸೇವೆಯಿಂದ ಬರುವವರಾದ್ದರಿಂದ ವರ್ಗಾವಣೆಯಾಗಿ ಹೋಗುತ್ತಿರುತ್ತಾರೆ ಎಂಬುದನ್ನು ಗಮನದಲ್ಲಿಡಬೇಕು. ಹಾಸ್ಟೆಲಿನ ನೀರಿನ ವಿಷಯವನ್ನು ಒಬ್ಬರಿಗೆ ಮನವರಿಕೆ ಮಾಡಿಕೊಟ್ಟ ಮೇಲೆ ಮತ್ತೊಬ್ಬರಿಗೆ ಮೊದಲಿನಿಂದ ಹೇಳಬೇಕಾದ ಸಂದರ್ಭ ಬರಬಹುದು.

ಎರಡನೆಯದು ಟ್ರಸ್ಟ್ ಅಥವಾ ಧಾರ್ಮಿಕ ಸಂಸ್ಥೆ ನಡೆಸುವ, ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಖಾಸಗಿ ಕಾಲೇಜು. ಶಿರಾಡಿ ಘಾಟಿ ಇಳಿದರೆ ಸಿಗುವ ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು ಮತ್ತು ಸುಳ್ಯದ ಕೆವಿಜಿ ವೈದ್ಯಕೀಯ ಕಾಲೇಜು ಈ ಗುಂಪಿನವು. ಇಲ್ಲಿ ನೇಮಕ, ಕಟ್ಟಡ, ಹಾಸ್ಟೆಲ್, ಶಿಸ್ತು ಎಲ್ಲವೂ ಆಡಳಿತ ಮಂಡಳಿಯದು. ಪರೀಕ್ಷೆ ಮತ್ತು ಪದವಿ ಮಾತ್ರ ಬೆಂಗಳೂರಿನ ವಿಶ್ವವಿದ್ಯಾಲಯದ್ದು.

ಮೂರನೆಯದು ತಾನೇ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1993ರಿಂದ ಡೀಮ್ಡ್ ವಿಶ್ವವಿದ್ಯಾಲಯದ, ಅಂದರೆ ಕೇಂದ್ರ ಸರ್ಕಾರದಿಂದ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆಯ ಭಾಗ. 1984ರ ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜು 2008ರಿಂದ ಅದೇ ಸ್ಥಾನದಲ್ಲಿದೆ. ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ಬಳಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ವಲ್ಪ ಬೇರೆ: ಅದು ಡೀಮ್ಡ್ ಅಲ್ಲ, ರಾಜ್ಯದ ಕಾನೂನಿನಿಂದ ರೂಪುಗೊಂಡ ಖಾಸಗಿ ವಿಶ್ವವಿದ್ಯಾಲಯದ ಕಾಲೇಜು. ಹೆಸರಿನಲ್ಲಿ ವಿಶ್ವವಿದ್ಯಾಲಯ ಎಂದಿರುವುದನ್ನೆಲ್ಲ ಒಂದೇ ಎಂದು ಭಾವಿಸುವ ಪೋಷಕರು ಬಹಳ. ಸೀಟು ಹಂಚಿಕೆಯ ದಾರಿಯೂ ಶುಲ್ಕ ನಿಗದಿಯ ವಿಧಾನವೂ ಈ ಎರಡರಲ್ಲಿ ಬೇರೆ ಬೇರೆಯಾಗಿರುವುದರಿಂದ ಈ ವ್ಯತ್ಯಾಸ ಕೇವಲ ಕಾಗದದ ಮೇಲಿನದಲ್ಲ. ಡೀಮ್ಡ್ ಸಂಸ್ಥೆಗಳ ಸೀಟುಗಳು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ ಮೂಲಕ ಹಂಚಿಕೆಯಾಗುತ್ತವೆ. ರಾಜ್ಯದ ಸೀಟುಗಳನ್ನು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಮಾತ್ರ ನೋಂದಾಯಿಸಿಕೊಂಡು ಮಣಿಪಾಲದ ಸೀಟಿಗೆ ಕಾಯುತ್ತ ಕುಳಿತರೆ ಪ್ರಯೋಜನವಿಲ್ಲ.

ಪರೀಕ್ಷೆ ಯಾರದು ಎಂಬುದೇ ಮುಖ್ಯ

ಈ ಮೂರು ಬಗೆಗಳ ನಡುವಿನ ಅತ್ಯಂತ ದೊಡ್ಡ ವ್ಯತ್ಯಾಸ ಕಟ್ಟಡದಲ್ಲಾಗಲಿ ಹೆಸರಿನಲ್ಲಾಗಲಿ ಇಲ್ಲ. ಪಾಠ ಹೇಳುವವರೂ ಅಂತಿಮ ಪರೀಕ್ಷೆ ನಡೆಸುವವರೂ ಒಂದೇ ಸಂಸ್ಥೆಯವರೋ ಅಲ್ಲವೋ ಎಂಬುದರಲ್ಲಿದೆ. ಹಿಮ್ಸ್‌ನಲ್ಲಿ ಅಥವಾ ಫಾದರ್ ಮುಲ್ಲರ್‌ನಲ್ಲಿ ಓದುವ ವಿದ್ಯಾರ್ಥಿಯ ಉತ್ತರ ಪತ್ರಿಕೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಮೌಲ್ಯಮಾಪನವಾಗುತ್ತದೆ. ಒಬ್ಬ ಅಧ್ಯಾಪಕರೊಡನೆ ವಿದ್ಯಾರ್ಥಿಗೆ ಹೊಂದಾಣಿಕೆ ಕೆಟ್ಟಿದ್ದರೂ ಥಿಯರಿ ಪತ್ರಿಕೆಯ ಅಂಕ ಅವರ ಕೈಗೆ ಸಿಗುವುದಿಲ್ಲ. ಇದು ದೊಡ್ಡ ರಕ್ಷಣೆ. ಅದರ ಬೆಲೆ ಎಂದರೆ ನಿಧಾನ: ಇಡೀ ರಾಜ್ಯದ ಕಾಲೇಜುಗಳು ಒಂದೇ ವೇಳಾಪಟ್ಟಿಗೆ ಕಟ್ಟುಬಿದ್ದಿರುವುದರಿಂದ, ಒಂದು ಅಂಕಪಟ್ಟಿಯ ಹೆಸರು ತಿದ್ದುಪಡಿಗೂ ಅರ್ಜಿ ಕಾಲೇಜಿನ ಪರೀಕ್ಷಾ ವಿಭಾಗದಿಂದ ಬೆಂಗಳೂರಿಗೆ ಹೋಗಿ ಬರಬೇಕು.

ಡೀಮ್ಡ್ ಅಥವಾ ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಫಲಿತಾಂಶ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ಹೊರಗಿನ ಪರೀಕ್ಷಕರು ಅಲ್ಲಿಗೂ ಬರುತ್ತಾರೆ ನಿಜ. ಆದರೂ ಪರೀಕ್ಷಾ ನಿಯಂತ್ರಕರು, ಡೀನ್, ಕುಲಪತಿ ಎಲ್ಲರೂ ಒಂದೇ ಸಂಸ್ಥೆಯ ಅಧಿಕಾರಿಗಳು. ಫಲಿತಾಂಶ ಬೇಗ ಬರುತ್ತದೆ, ತಿದ್ದುಪಡಿ ಬೇಗ ಆಗುತ್ತದೆ, ವಿದ್ಯಾರ್ಥಿ ವ್ಯವಹಾರಗಳ ಸಹ ಡೀನ್ ಒಬ್ಬರು ಇದ್ದು ಮಾತಾಡಲು ಸಿಗುತ್ತಾರೆ. ಆದರೆ ಮೇಲ್ಮನವಿಯೂ ಅದೇ ಸೂರಿನಡಿ ಉಳಿಯುತ್ತದೆ. ಈ ಕಾರಣಕ್ಕೆ, ಸ್ವಂತ ವಿಶ್ವವಿದ್ಯಾಲಯವಿರುವ ಸಂಸ್ಥೆಯನ್ನು ಆರಿಸುವವರು ಅಲ್ಲಿನ ಲೋಕಪಾಲರು, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವವರು, ಯಾರೆಂದು ಕೇಳಲೇಬೇಕೆಂದು ನನ್ನ ಖಚಿತ ಅಭಿಪ್ರಾಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ಕುಂದುಕೊರತೆ ನಿಯಮಗಳ ಪ್ರಕಾರ ಪ್ರತಿ ವಿಶ್ವವಿದ್ಯಾಲಯವೂ ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರಂಥ ಒಬ್ಬರನ್ನು ಆ ಹುದ್ದೆಗೆ ನೇಮಿಸಬೇಕು. ಮೊದಲು ಕಾಲೇಜಿನ ಕುಂದುಕೊರತೆ ಸಮಿತಿ ದೂರನ್ನು ನೋಡಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಒಪ್ಪಿಗೆಯಾಗದ ವಿದ್ಯಾರ್ಥಿ ಲೋಕಪಾಲರ ಮುಂದೆ ಹೋಗಬಹುದು. ಹೆಸರು ಕೇಳಿದಾಗ ಕಚೇರಿಯವರು ತಕ್ಷಣ ಹೇಳಿದರೆ ಆ ವ್ಯವಸ್ಥೆ ಜೀವಂತವಾಗಿದೆ ಎನ್ನಬಹುದು.

ಆದರೆ ಅಂತಿಮ ಪರೀಕ್ಷೆ ಹೊರಗಿನದ್ದಾದ ಮಾತ್ರಕ್ಕೆ ಕಾಲೇಜಿನ ಹಿಡಿತ ಇಲ್ಲವೆಂದಲ್ಲ. ಪರೀಕ್ಷೆಗೆ ಕೂರಲು ಥಿಯರಿಯಲ್ಲಿ ಶೇ. 75, ಪ್ರಾಯೋಗಿಕದಲ್ಲಿ ಶೇ. 80 ಹಾಜರಾತಿ ಬೇಕು. ಆಂತರಿಕ ಮೌಲ್ಯಮಾಪನದಲ್ಲೂ ನಿಗದಿತ ಅಂಕ ದಾಟಿರಬೇಕು. ಇವೆರಡನ್ನೂ ಬರೆಯುವುದು ವಿಭಾಗದ ಮುಖ್ಯಸ್ಥರ ಕಚೇರಿ. ಪ್ರಥಮ ವರ್ಷದ ಪರೀಕ್ಷೆಗೆ ಗರಿಷ್ಠ ನಾಲ್ಕು ಪ್ರಯತ್ನಗಳ ಮಿತಿ ಇರುವಾಗ, ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ಪರೀಕ್ಷೆಯ ಹಿಂದಿನ ವಾರ ಗೋಡೆಯ ಮೇಲೆ ಕಾಣಿಸಿಕೊಳ್ಳುತ್ತದೆಯೇ, ಇಲ್ಲವೇ ಪ್ರತಿ ತಿಂಗಳು ವಿದ್ಯಾರ್ಥಿಗೂ ಪೋಷಕರಿಗೂ ತಿಳಿಸಲಾಗುತ್ತದೆಯೇ ಎಂಬುದು ಒಂದು ವರ್ಷವನ್ನೇ ಉಳಿಸುವ ಅಥವಾ ಕಳೆಯುವ ವಿಷಯ. ಜ್ವರ ಬಂದು ಹತ್ತು ದಿನ ಮಲಗಿದ ಹುಡುಗಿಯ ರಜೆ ಅರ್ಜಿಗೆ ಯಾರ ಸಹಿ ಬೇಕು, ಆ ಅರ್ಜಿ ಎಲ್ಲಿ ದಾಖಲಾಗುತ್ತದೆ ಎಂದು ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ ಕಾಲೇಜಿನ ಆಡಳಿತದ ಬಗ್ಗೆ ಮಾಹಿತಿ ಪುಸ್ತಿಕೆಗಿಂತ ಹೆಚ್ಚು ತಿಳಿಯುತ್ತದೆ.

ಮಾಹಿತಿ ಕೇಳುವ ಹಕ್ಕಿನಲ್ಲೂ ಇಂಥದೇ ವ್ಯತ್ಯಾಸವಿದೆ. ಹಿಮ್ಸ್ ಅಥವಾ ಚಿಕ್ಕಮಗಳೂರಿನ ಸಂಸ್ಥೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರ. ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟು, ಖಾಲಿ ಬೋಧಕ ಹುದ್ದೆಗಳೆಷ್ಟು, ಕುಂದುಕೊರತೆ ಸಮಿತಿ ಕಳೆದ ವರ್ಷ ಎಷ್ಟು ಬಾರಿ ಸೇರಿತು ಎಂದು ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಖಾಸಗಿ ಟ್ರಸ್ಟಿನ ಕಾಲೇಜಿಗೆ ನೇರವಾಗಿ ಹೀಗೆ ಕೇಳುವುದು ಕಷ್ಟ. ಆ ಕಾಲೇಜಿನ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಅಥವಾ ವೈದ್ಯಕೀಯ ಆಯೋಗದಲ್ಲಿ ಇರುವ ದಾಖಲೆಯನ್ನು ಮಾತ್ರ ಅಲ್ಲಿಂದ ಪಡೆಯಬಹುದು.

ಹಾಸನವೋ ಚಿಕ್ಕಮಗಳೂರೋ

ಎರಡೂ ಸರ್ಕಾರಿ, ಎರಡೂ ಒಂದೇ ವಿಶ್ವವಿದ್ಯಾಲಯದವು, ಎರಡು ಊರುಗಳ ನಡುವೆ ಸುಮಾರು 60 ಕಿಲೋಮೀಟರ್. ಹಾಗಿದ್ದರೆ ಯಾವುದಾದರೇನು ಎಂದು ಕೇಳುವವರಿದ್ದಾರೆ. ವ್ಯತ್ಯಾಸವಿರುವುದು ಸಂಸ್ಥೆಯ ವಯಸ್ಸಿನಲ್ಲಿ.

ಹಿಮ್ಸ್ ಹಾಸನ ನಗರದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯೊಂದಿಗೆ ಬೆಸೆದುಕೊಂಡು ಹಲವು ತಂಡಗಳ ವೈದ್ಯರನ್ನು ಹೊರಗೆ ಕಳಿಸಿದೆ. ಅಲ್ಲಿ ಹಿರಿಯ ವಿದ್ಯಾರ್ಥಿಗಳಿದ್ದಾರೆ, ಇಂಟರ್ನ್‌ಶಿಪ್ ಮಾಡುತ್ತಿರುವ ಹೌಸ್ ಸರ್ಜನ್‌ಗಳಿದ್ದಾರೆ, ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. ವಾರ್ಡಿನಲ್ಲಿ ರೋಗಿಯ ಹೊಟ್ಟೆಯನ್ನು ಮುಟ್ಟಿ ನೋಡುವುದನ್ನು ಪ್ರಾಧ್ಯಾಪಕರು ಒಮ್ಮೆ ತೋರಿಸಿದರೆ, ರಾತ್ರಿ ಡ್ಯೂಟಿಯಲ್ಲಿರುವ ಪಿಜಿ ಹತ್ತು ಸಾರಿ ತೋರಿಸುತ್ತಾರೆ. ಯಾವ ವಿಷಯಕ್ಕೆ ಯಾವ ಪುಸ್ತಕ, ಯಾವ ಅಧ್ಯಾಪಕರನ್ನು ಯಾವ ಹೊತ್ತಿಗೆ ಕಾಣಬಹುದು ಎಂಬ ತಿಳಿವಳಿಕೆ ಹಿರಿಯರಿಂದಲೇ ಕಿರಿಯರಿಗೆ ಇಳಿದು ಬರುತ್ತದೆ. ಯಾವ ಸಮಿತಿಯೂ ಕೊಡಲಾಗದ ಆಸರೆ ಇದು. ಇದರ ಇನ್ನೊಂದು ಮುಖ ರ್‍ಯಾಗಿಂಗ್‌ನ ಅಪಾಯ. ಹಿರಿಯ–ಕಿರಿಯರ ಸಂಬಂಧ ಗಟ್ಟಿಯಾಗಿರುವ ಎಲ್ಲ ಹಳೆಯ ಕಾಲೇಜುಗಳೂ ಇದರ ಮೇಲೆ ಕಣ್ಣಿಡಬೇಕು.

ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಬಹುಕಾಲ ಆರೋಗ್ಯ ಇಲಾಖೆಯ ಆಸ್ಪತ್ರೆಯಾಗಿಯೇ ನಡೆದು ಬಂದದ್ದು. ಕಾಲೇಜು ಅದಕ್ಕೆ ಆಮೇಲೆ ಸೇರಿಕೊಂಡಿತು. ಇಂಥ ಕಡೆ ಆರೋಗ್ಯ ಇಲಾಖೆಯ ವೈದ್ಯರು ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆಯ ಬೋಧಕರು ಒಂದೇ ವಾರ್ಡಿನಲ್ಲಿ ಕೆಲಸ ಮಾಡುವ ಆರಂಭದ ವರ್ಷಗಳಲ್ಲಿ, ವಿದ್ಯಾರ್ಥಿಯ ಹೊಣೆ ಯಾರದೆಂಬುದು ಸ್ಪಷ್ಟವಾಗಲು ಸಮಯ ಹಿಡಿಯುವುದು ಸಹಜ. ಹೊಸ ಕಾಲೇಜಿಗೆ ಮೊದಲು ಸಿಗುವುದು ಅನುಮತಿ ಪತ್ರ. ಮೊದಲ ತಂಡ ಅಂತಿಮ ಪರೀಕ್ಷೆಗೆ ಬರುವ ಹೊತ್ತಿಗೆ ಪರಿಶೀಲನೆ ನಡೆದು ಪದವಿಗೆ ಮಾನ್ಯತೆ ದೊರೆಯುತ್ತದೆ. ಹೀಗಾಗಿ ಹೊಸ ಸರ್ಕಾರಿ ಕಾಲೇಜನ್ನು ಆರಿಸುವವರು ಆ ವರ್ಷದ ಅನುಮತಿ ನವೀಕರಣ ಆಗಿದೆಯೇ, ಯಾವ ವಿಭಾಗಗಳಲ್ಲಿ ಪ್ರಾಧ್ಯಾಪಕರಿದ್ದಾರೆ, ಹಾಸ್ಟೆಲ್ ಸ್ವಂತದ್ದೋ ಬಾಡಿಗೆ ಕಟ್ಟಡವೋ ಎಂದು ಹೋಗಿ ನೋಡಬೇಕು. ಹೊಸ ಕಾಲೇಜಿಗೆ ಒಂದು ದೊಡ್ಡ ಅನುಕೂಲವೂ ಇದೆ: ತಂಡಗಳು ಕಡಿಮೆಯಿರುವಾಗ ಪ್ರಾಂಶುಪಾಲರಿಗೆ ವಿದ್ಯಾರ್ಥಿಗಳ ಮುಖ ಗೊತ್ತಿರುತ್ತದೆ, ಜಿಲ್ಲಾ ಆಸ್ಪತ್ರೆಯ ರೋಗಿಗಳ ದಟ್ಟಣೆಯನ್ನು ಹಂಚಿಕೊಳ್ಳಲು ಕಡಿಮೆ ಕೈಗಳಿರುತ್ತವೆ. ಸ್ವಂತ ಪ್ರಯತ್ನದಿಂದ ಓದಬಲ್ಲ, ಕೇಳಿ ಕಲಿಯಲು ಹಿಂಜರಿಯದ ವಿದ್ಯಾರ್ಥಿಗೆ ಇದು ಲಾಭ. ತಾನಾಗಿ ಬಾಯಿ ತೆರೆಯದ, ಯಾರಾದರೂ ಕೈಹಿಡಿದು ಕರೆದೊಯ್ಯಬೇಕಾದ ವಿದ್ಯಾರ್ಥಿಗೆ, ರ್‍ಯಾಂಕ್ ಎರಡಕ್ಕೂ ಆಗುವಂತಿದ್ದರೆ, ನಾನು ಹಾಸನವನ್ನೇ ಮೇಲೆ ಬರೆಯಿರಿ ಎನ್ನುತ್ತೇನೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ನಮ್ಮ ತಾಲ್ಲೂಕುಗಳ ವಿಷಯದಲ್ಲಿ ಈ ಅಂಶವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಅರಕಲಗೂಡಿನ ಅಥವಾ ಕೊಪ್ಪದ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಎರಡು ವರ್ಷದ ಪಿಯುವಿನಲ್ಲಿ ಇಂಗ್ಲಿಷಿಗೆ ತಿರುಗಿದ ಮಕ್ಕಳು ಅಂಗರಚನಾಶಾಸ್ತ್ರದ ಮೊದಲ ತಿಂಗಳಲ್ಲಿಯೇ ಕುಸಿಯುವುದು ಬುದ್ಧಿ ಸಾಲದೆ ಅಲ್ಲ. ಮೌಖಿಕ ಪರೀಕ್ಷೆಯಲ್ಲಿ ಗೊತ್ತಿರುವ ಉತ್ತರ ಬಾಯಿಗೆ ಬಾರದೆ ನಿಲ್ಲುತ್ತದೆ. 2019ರಿಂದ ಜಾರಿಯಲ್ಲಿರುವ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಕೋರ್ಸಿನ ಆರಂಭದಲ್ಲಿ ಫೌಂಡೇಶನ್ ಕೋರ್ಸನ್ನು ಕಡ್ಡಾಯ ಮಾಡಿದ್ದು, ಅದರಲ್ಲಿ ಭಾಷೆ ಮತ್ತು ಕಂಪ್ಯೂಟರ್ ಕೌಶಲಕ್ಕೆ ಜಾಗವಿದೆ. ಕೆಲವು ಕಾಲೇಜುಗಳು ಇದನ್ನು ಉದ್ಘಾಟನೆ ಮತ್ತು ಭಾಷಣಗಳಲ್ಲೇ ಮುಗಿಸುತ್ತವೆ; ಕೆಲವು ಕಡೆ ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್, ಕನ್ನಡ ಬಾರದವರಿಗೆ ಕನ್ನಡ ಎಂದು ಗುಂಪು ಮಾಡಿ ನಿಜವಾಗಿ ಕಲಿಸುತ್ತಾರೆ. ಯಾವ ಕಾಲೇಜು ಯಾವುದನ್ನು ಮಾಡುತ್ತದೆಂದು ಈಗ ಮೊದಲ ವರ್ಷ ಮುಗಿಸಿದವರನ್ನು ಕೇಳಬೇಕು.

ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಬಹುಪಾಲು ಸಹಪಾಠಿಗಳು ಕನ್ನಡಿಗರೇ ಆಗಿರುವುದರಿಂದ ಅರ್ಥವಾಗದ್ದನ್ನು ಪಕ್ಕದವರನ್ನು ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳಬಹುದು. ಅಖಿಲ ಭಾರತ ಕೋಟಾದ ಶೇ. 15 ಸೀಟುಗಳ ಮೂಲಕ ಬಂದವರೂ ಇವರೊಂದಿಗೆ ಇರುತ್ತಾರೆ. ರೋಗಿಯ ಮಾತನ್ನು ಅವರಿಗೆ ಅರ್ಥ ಮಾಡಿಸುತ್ತ ಇವರೂ, ಇಂಗ್ಲಿಷಿನಲ್ಲಿ ಮಾತಾಡುತ್ತ ಅವರೂ ಪರಸ್ಪರ ಕಲಿಯುತ್ತಾರೆ. ಡೀಮ್ಡ್ ಸಂಸ್ಥೆಗಳಲ್ಲಿ ದೇಶದ ಎಲ್ಲ ಕಡೆಯ ವಿದ್ಯಾರ್ಥಿಗಳಿರುತ್ತಾರೆ, ಕ್ಯಾಂಪಸ್ಸಿನ ಮಾತು ಇಂಗ್ಲಿಷ್ ಅಥವಾ ಹಿಂದಿ. ಮೊದಲ ಆರು ತಿಂಗಳು ಒಂಟಿತನ ಕಾಡುವುದಕ್ಕೆ ಇದಿಷ್ಟೇ ಸಾಕಾಗಬಹುದು. ಅದನ್ನು ದಾಟಿದವರಿಗೆ ಅಲ್ಲಿ ದೊಡ್ಡ ಗ್ರಂಥಾಲಯ, ಸಂಶೋಧನೆಗೆ ನೆರವು, ವಿದೇಶಿ ಸಂಪರ್ಕಗಳಂಥ ಅವಕಾಶಗಳು ಕಾದಿರುತ್ತವೆ ಎಂಬುದನ್ನೂ ಒಪ್ಪಬೇಕು.

ಮೆಂಟರ್, ಆಪ್ತಸಮಾಲೋಚನೆ ಮತ್ತು ಗುಟ್ಟಿನ ಪ್ರಶ್ನೆ

ಎಲ್ಲ ಕಾಲೇಜುಗಳೂ ಈಗ ಮೆಂಟರ್ ವ್ಯವಸ್ಥೆ ಇದೆ ಎನ್ನುತ್ತವೆ. ಒಬ್ಬ ಅಧ್ಯಾಪಕರಿಗೆ ಕೆಲವು ವಿದ್ಯಾರ್ಥಿಗಳನ್ನು ಒಪ್ಪಿಸಿ, ಅವರ ಓದು, ಹಾಜರಾತಿ, ಮನಸ್ಸಿನ ಸ್ಥಿತಿಯನ್ನು ನೋಡಿಕೊಳ್ಳುವಂತೆ ಹೇಳುವ ವ್ಯವಸ್ಥೆ ಇದು. ಪಟ್ಟಿ ಇದೆಯೇ ಎಂದು ಕೇಳಿದರೆ ಪಟ್ಟಿ ಸಿಗುತ್ತದೆ. ಮೆಂಟರ್ ವರ್ಷದ ಮಧ್ಯದಲ್ಲಿ ವರ್ಗವಾದರೆ ಆ ಮಕ್ಕಳು ಯಾರ ಪಾಲಿಗೆ ಹೋಗುತ್ತಾರೆ, ಭೇಟಿಯ ದಾಖಲೆಯನ್ನು ಯಾರು ನೋಡುತ್ತಾರೆ, ಅದೇ ಮೆಂಟರ್ ಆ ವಿದ್ಯಾರ್ಥಿಯ ಆಂತರಿಕ ಪರೀಕ್ಷಕರೂ ಆಗಿರುತ್ತಾರೆಯೇ ಎಂದು ಕೇಳಿದಾಗ ಉತ್ತರಗಳು ಬೇರೆ ಬೇರೆಯಾಗುತ್ತವೆ. ಕೊನೆಯ ಪ್ರಶ್ನೆ ಬಹಳ ಮುಖ್ಯ. ತನಗೆ ಅಂಕ ಕೊಡುವವರ ಎದುರು ತಾನು ರಾತ್ರಿ ನಿದ್ದೆಯಿಲ್ಲದೆ ಅಳುತ್ತಿದ್ದೇನೆಂದು ಯಾವ ಹುಡುಗ ಹೇಳಿಕೊಂಡಾನು?

ಮಾನಸಿಕ ಆರೋಗ್ಯದ ವಿಷಯದಲ್ಲಿ ವೈದ್ಯಕೀಯ ಕಾಲೇಜಿಗೆ ವಿಶೇಷವಾದ ತೊಡಕೊಂದಿದೆ. ಬೇರೆ ಕಾಲೇಜಿನ ವಿದ್ಯಾರ್ಥಿ ಮನೋವೈದ್ಯರನ್ನು ಕಾಣಲು ಆಸ್ಪತ್ರೆಗೆ ಹೋದರೆ ಅವನನ್ನು ಅಲ್ಲಿ ಯಾರೂ ಗುರುತಿಸುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗೆ ಹತ್ತಿರದ ಮನೋವೈದ್ಯರೆಂದರೆ ತನ್ನದೇ ಕಾಲೇಜಿನ ಮನೋವೈದ್ಯಶಾಸ್ತ್ರ ವಿಭಾಗದವರು. ನಾಳೆ ಅವರೇ ಪಾಠ ಮಾಡುವವರು, ಹೊರರೋಗಿ ಚೀಟಿ ಬರೆಯುವವರು ತನ್ನದೇ ಸೀನಿಯರ್. ಈ ಕಾರಣಕ್ಕೆ ಅನೇಕರು ಕೈಗೆಟುಕುವಲ್ಲಿರುವ ನೆರವನ್ನೂ ಪಡೆಯದೆ ಉಳಿಯುತ್ತಾರೆ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿರುವುದು ಈ ಸಮಸ್ಯೆ ಎಷ್ಟು ವ್ಯಾಪಕವೆಂಬುದಕ್ಕೆ ಸಾಕ್ಷಿ.

ಹೋಲಿಸುವಾಗ ನೋಡಬೇಕಾದ್ದು ಇದು: ಆಪ್ತಸಮಾಲೋಚಕರು ಬೋಧಕ ಸಿಬ್ಬಂದಿಯ ಹೊರಗಿನವರೇ, ಅವರ ಕೊಠಡಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿದೆಯೋ ಕಾಲೇಜಿನ ಬೇರೆ ಮೂಲೆಯಲ್ಲಿದೆಯೋ, ದಾಖಲೆ ಯಾರ ಕೈಗೆ ಹೋಗುತ್ತದೆ. ದೊಡ್ಡ ಡೀಮ್ಡ್ ವಿಶ್ವವಿದ್ಯಾಲಯಗಳು ಹಲವು ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಸಾಮಾನ್ಯ ಸಮಾಲೋಚನಾ ಕೇಂದ್ರ ನಡೆಸಲು ಶಕ್ತವಾಗಿರುವುದರಿಂದ ಈ ಒಂದು ವಿಷಯದಲ್ಲಿ ಅವುಗಳ ಕೈ ಮೇಲಾಗಿರುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಈ ಪ್ರತ್ಯೇಕತೆ ಸಿಗುವುದು ಕಷ್ಟ. ಅಲ್ಲಿ ಸೇರುವ ಮಕ್ಕಳಿಗೆ 14416 ಎಂಬ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆಯನ್ನು ತಂದೆತಾಯಿಗಳೇ ಹೇಳಿಕೊಟ್ಟು ಕಳಿಸಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿ ಮಾತಾಡಬಹುದು, ಕಾಲೇಜಿಗೂ ಅದಕ್ಕೂ ಸಂಬಂಧವಿಲ್ಲ.

ರ್‍ಯಾಗಿಂಗ್ ಮತ್ತು ಲೈಂಗಿಕ ಕಿರುಕುಳದ ದೂರು

ಕಾನೂನು ಎಲ್ಲ ಬಗೆಯ ಕಾಲೇಜುಗಳಿಗೂ ಒಂದೇ. ರ್‍ಯಾಗಿಂಗ್ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರವೂ ಅಪರಾಧ; 2009ರ ಅನುದಾನ ಆಯೋಗದ ನಿಯಮಗಳು ಮತ್ತು 2021ರ ವೈದ್ಯಕೀಯ ಆಯೋಗದ ನಿಯಮಗಳು ಸಮಿತಿ, ಗಸ್ತು ತಂಡ, ವಿದ್ಯಾರ್ಥಿ ಮತ್ತು ಪೋಷಕರ ಮುಚ್ಚಳಿಕೆ ಎಲ್ಲವನ್ನೂ ಹೇಳಿವೆ. ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಾಗಾದರೆ ಹೋಲಿಸುವುದೇನನ್ನು? ಮೊದಲ ವರ್ಷದವರಿಗೆ ಹಾಸ್ಟೆಲಿನಲ್ಲಿ ಪ್ರತ್ಯೇಕ ಬ್ಲಾಕ್ ಇದೆಯೇ, ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರೆಯೇ ಅಥವಾ ನಗರದ ಮನೆಗೆ ಹೋಗುತ್ತಾರೆಯೇ, ಊಟದ ಮೆಸ್ ಎಲ್ಲರಿಗೂ ಒಂದೇ ಹೊತ್ತಿಗೋ ಎಂಬುದನ್ನು. ಸೂಚನಾ ಫಲಕದಲ್ಲಿ ಸಮಿತಿಯ ಸದಸ್ಯರ ಹೆಸರು ಹಾಗೂ ಫೋನ್ ಸಂಖ್ಯೆ ಇದ್ದರೆ ಕೆಳಗಿನ ದಿನಾಂಕವನ್ನು ಓದಬೇಕು. ಎರಡು ವರ್ಷದ ಹಿಂದಿನ ಪಟ್ಟಿಯಾಗಿದ್ದರೆ ಅದರಲ್ಲಿ ವರ್ಗವಾಗಿ ಹೋದವರೂ ಇರುತ್ತಾರೆ.

ಹೆಣ್ಣುಮಕ್ಕಳ ಪೋಷಕರು ಆಂತರಿಕ ದೂರು ಸಮಿತಿಯ ಬಗ್ಗೆ ಸಂಕೋಚವಿಲ್ಲದೆ ಕೇಳಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಅದರ ಅಧ್ಯಕ್ಷತೆ ಹಿರಿಯ ಮಹಿಳೆಯದು, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಸಂಸ್ಥೆಯ ಹೊರಗಿನವರು. ದೂರು ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆ ಹೊರಗಿನ ಸದಸ್ಯೆ ಯಾರು ಎಂಬುದೇ ಇಲ್ಲಿ ಅಳತೆಗೋಲು. ಅವರು ಅದೇ ಟ್ರಸ್ಟಿನ ಇನ್ನೊಂದು ಸಂಸ್ಥೆಯವರಾಗಿದ್ದರೆ ಹೊರಗಿನವರೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಹಣ, ಹಾಸ್ಟೆಲ್, ಇಂಟರ್ನ್‌ಶಿಪ್

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದ ಅರ್ಜಿ ಎಲ್ಲರಿಗೂ ಒಂದೇ; ಆದರೆ ಕಾಲೇಜಿನ ಕಚೇರಿ ಅದನ್ನು ಸಕಾಲಕ್ಕೆ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದ ಗುಮಾಸ್ತರಿಗೆ ಈ ಕೆಲಸ ರೂಢಿಯಾಗಿರುತ್ತದೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದಡಿ ಸೇರುವವರು ಸರ್ಕಾರದ ಅರಿವು ಶಿಕ್ಷಣ ಸಾಲ ಅಥವಾ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ನೆಚ್ಚಿಕೊಂಡಿದ್ದರೆ, ಹಣ ಬರುವ ಮೊದಲೇ ಪೂರ್ಣ ಶುಲ್ಕ ಕಟ್ಟಬೇಕೋ ಇಲ್ಲವೋ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು. ಬೋಧನಾ ಶುಲ್ಕದ ಹೊರತಾಗಿ ಹಾಸ್ಟೆಲ್, ಮೆಸ್, ಠೇವಣಿ, ಪರೀಕ್ಷಾ ಶುಲ್ಕ ಸೇರಿದ ಐದು ವರ್ಷದ ಪಟ್ಟಿಯನ್ನು ಕೇಳಿದಾಗ ಕೊಡದ ಕಾಲೇಜಿನ ಬಗ್ಗೆ ಎಚ್ಚರದಿಂದಿರುವುದು ಲೇಸು.

ದೂರದ ಮಾತೂ ಇಲ್ಲಿಗೇ ಸೇರುತ್ತದೆ. ಮಳೆಗಾಲದಲ್ಲಿ ಶಿರಾಡಿ ಮುಚ್ಚಿದರೆ ಮಂಗಳೂರಿನಿಂದ ಸಕಲೇಶಪುರಕ್ಕೆ ಬರುವುದು ಸುಲಭವಲ್ಲ, ಚಾರ್ಮಾಡಿಯ ಕಥೆಯೂ ಅಷ್ಟೇ. ಬಿ.ಜಿ. ನಗರಕ್ಕೆ ಹಾಸನದಿಂದ ಬಸ್ಸೂ ರೈಲೂ ಇವೆ. ಮಗುವಿಗೆ ಹುಷಾರಿಲ್ಲವೆಂದು ರಾತ್ರಿ ಫೋನ್ ಬಂದರೆ ಬೆಳಗಾಗುವುದರೊಳಗೆ ತಲುಪಬಹುದೇ ಎಂದು ಯೋಚಿಸುವುದು ಪೋಷಕರ ದೌರ್ಬಲ್ಯವಲ್ಲ, ವಿವೇಕ.

ಇಂಟರ್ನ್‌ಶಿಪ್ಪಿನ ವರ್ಷದಲ್ಲಿ ಶಿಷ್ಯವೇತನ ಎಷ್ಟು, ತಿಂಗಳಿಗೆ ಸರಿಯಾಗಿ ಬರುತ್ತದೆಯೇ ಎಂಬುದು ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳ ನಡುವೆ ಬಹಳ ಬದಲಾಗುತ್ತದೆ. ಈಗಿನ ಹೌಸ್ ಸರ್ಜನ್‌ಗಳೇ ಇದಕ್ಕೆ ನಂಬಬಹುದಾದ ಮೂಲ.

ಆಯ್ಕೆಯ ಕ್ರಮ ಬರೆಯುವಾಗ

ವಿದ್ಯಾರ್ಥಿವೇತನದ ಮೇಲೆ ನಿಂತ, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಸ್ವಲ್ಪ ಹಳೆಯ ಸರ್ಕಾರಿ ಸ್ವಾಯತ್ತ ಸಂಸ್ಥೆ, ಅಂದರೆ ಹಾಸನ, ಶಿವಮೊಗ್ಗ ಅಥವಾ ರ್‍ಯಾಂಕ್ ಇದ್ದರೆ ಮೈಸೂರು, ಎಲ್ಲಕ್ಕಿಂತ ಮೇಲಿರಬೇಕು. ಅದರ ಕೆಳಗೆ ಚಿಕ್ಕಮಗಳೂರಿನಂಥ ಹೊಸ ಸರ್ಕಾರಿ ಕಾಲೇಜು. ಆಮೇಲೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ. ಹಣದ ಚಿಂತೆಯಿಲ್ಲದ, ಸಂಶೋಧನೆಯತ್ತ ಒಲವಿರುವ, ಮನೆಯಿಂದ ದೂರವಿದ್ದು ಅಭ್ಯಾಸವಿರುವ ವಿದ್ಯಾರ್ಥಿಗೆ ಹಳೆಯ ಡೀಮ್ಡ್ ಸಂಸ್ಥೆಯನ್ನು ಮೇಲೆ ಬರೆಯುವುದು ತಪ್ಪಲ್ಲ. ಮಾನಸಿಕ ಆರೋಗ್ಯಕ್ಕಾಗಿ ಈಗಾಗಲೇ ಚಿಕಿತ್ಸೆ ಪಡೆಯುತ್ತಿರುವ ವಿದ್ಯಾರ್ಥಿಯ ವಿಷಯದಲ್ಲಿ ಮಾತ್ರ ಶುಲ್ಕ, ಹೆಸರು ಎರಡನ್ನೂ ಬದಿಗಿಟ್ಟು, ಈಗಿನ ವೈದ್ಯರನ್ನು ತಿಂಗಳಿಗೊಮ್ಮೆ ಕಾಣಲು ಸಾಧ್ಯವಿರುವ ಊರನ್ನೇ ಆರಿಸಬೇಕು.

ಸೀಟು ಖಚಿತವಾಗಿ ಕಾಲೇಜಿಗೆ ವರದಿ ಮಾಡಿಕೊಳ್ಳುವ ದಿನ ಶುಲ್ಕದ ರಸೀದಿ, ಹಾಸ್ಟೆಲ್ ನಿಯಮಗಳ ಪ್ರತಿ, ವಾರ್ಡನ್ ಹಾಗೂ ವಿದ್ಯಾರ್ಥಿ ವಿಭಾಗದ ಫೋನ್ ಸಂಖ್ಯೆಗಳನ್ನು ಪಡೆದುಕೊಳ್ಳಬೇಕು. ತರಗತಿ ಶುರುವಾದ ಒಂದು ತಿಂಗಳೊಳಗೆ ಮೆಂಟರ್ ಯಾರೆಂದು ತಿಳಿಯದಿದ್ದರೆ ಪೋಷಕರೇ ಪ್ರಾಂಶುಪಾಲರ ಹೆಸರಿಗೆ ಒಂದು ಪುಟದ ಪತ್ರ ಬರೆದು, ಅದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ತಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು.